ಏಳನೇ ಹಾಸಿಗೆಯ ದಿಂಬು

ಸಿನಿಮಾದವರು ಅವಳನ್ನು ನೆನಪಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಕೆಲಸವೇ ನೆನಪಿಟ್ಟುಕೊಳ್ಳುವುದು. ಒಂದು ಶಾಟಿನಲ್ಲಿ ಲೋಟದ ನೀರು ಅರ್ಧಕ್ಕಿದ್ದರೆ ಮುಂದಿನ ಶಾಟಿನಲ್ಲೂ ಅರ್ಧಕ್ಕೇ ಇರಬೇಕು. ನಾಯಕಿಯ ಮುಂಗುರುಳು ಎಡ ಹುಬ್ಬಿನ ಮೇಲೆ ಬಿದ್ದಿದ್ದರೆ, ಊಟ ಮುಗಿಸಿ ಕೈ ತೊಳೆದು ಬಂದ ಮೇಲೂ ಅಲ್ಲೇ ಬಿದ್ದಿರಬೇಕು. ಪ್ರತಿ ಶಾಟಿಗೂ ಫೋಟೊ ತೆಗೆದು, ದಪ್ಪ ಫೈಲಿನಲ್ಲಿ ಬರೆದಿಟ್ಟು, ಯಾರಾದರೂ ಕುರ್ಚಿಯನ್ನು ಒಂದು ಗೇಣು ಸರಿಸಿದರೂ ಅವಳು ಹಿಡಿದುಬಿಡುತ್ತಿದ್ದಳು. ಇಷ್ಟೆಲ್ಲ ನೆನಪಿರುವವಳು ಮನೆಯಲ್ಲಿ ಮಾತ್ರ ಬೀಗದ ಕೈ ಎಲ್ಲಿಟ್ಟೆನೆಂದು ಏಳು ವರ್ಷದ ಮಗಳನ್ನು ಕೇಳುತ್ತಿದ್ದಳು.

ಮಗಳಿಗೆ ಶಾಲೆಯಲ್ಲಿ ಬೇರೆ ಹೆಸರಿತ್ತು, ಮನೆಯಲ್ಲಿ ಅವಳು ಗುಬ್ಬಿ. ಮನೆಯೆಂದರೆ ಅವರಿಬ್ಬರೇ. ಶಾಲೆ ಬಿಟ್ಟ ಮೇಲೆ ಗುಬ್ಬಿ ಪಕ್ಕದ ಮನೆಯ ದರ್ಜಿ ಅತ್ತೆಯ ಹೊಲಿಗೆ ಯಂತ್ರದ ಬಳಿ ಕೂತು, ಬಟ್ಟೆ ಚೂರುಗಳನ್ನು ಆರಿಸುತ್ತ ಅಮ್ಮನ ದಾರಿ ಕಾಯುತ್ತಿದ್ದಳು. ಆರು ಗಂಟೆಗೆ ಬಂದುಬಿಡುತ್ತೇನೆ ಎಂದು ಹೇಳಿ ಹೋದ ಅಮ್ಮ ಎಂಟಕ್ಕೆ ಬರುವುದು ಅವಳಿಗೆ ಅಭ್ಯಾಸವಾಗಿತ್ತು. ಮಗುವಿಗೆ ಅದು ಅಭ್ಯಾಸವಾಗಿದೆ ಎನ್ನುವುದೇ ನೆನಪಕ್ಕನ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು.

ಆ ಸಲದ್ದು ದೆವ್ವದ ಸಿನಿಮಾ. ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆ ಮನೆಯೊಂದರಲ್ಲಿ ಸತ್ತ ನರ್ಸೊಬ್ಬಳು ಓಡಾಡುವ ಕಥೆ. ನಿರ್ದೇಶಕರು ಹಟ ಹಿಡಿದು ನಿಜವಾದ ಆರೈಕೆ ಮನೆಯನ್ನೇ ಹುಡುಕಿ, ಅದರ ಮಹಡಿಯ ಖಾಲಿ ವಾರ್ಡನ್ನು ಬಾಡಿಗೆಗೆ ಹಿಡಿದಿದ್ದರು. ಎಂಟು ಕಬ್ಬಿಣದ ಮಂಚ, ತಲೆಯ ಕಡೆ ಬಿಳಿ ಬಣ್ಣದಲ್ಲಿ ಬರೆದ ನಂಬರು, ಸರಳು ಹಾಕಿದ ಎತ್ತರದ ಕಿಟಕಿಗಳು, ಎಷ್ಟು ಒರೆಸಿದರೂ ಹೋಗದ ಫಿನಾಯಿಲ್ ವಾಸನೆ. ಕೆಳಗಿನ ಮಹಡಿಯಲ್ಲಿ ನಿಜವಾದ ಅಜ್ಜ ಅಜ್ಜಿಯರು ಇದ್ದರು. ಮೇಲೆ ಯಾರೂ ಇರಬಾರದಿತ್ತು.

ಒಬ್ಬಳಿದ್ದಳು. ಮೊದಲ ದಿನದಿಂದಲೂ ಏಳನೇ ಹಾಸಿಗೆಯ ಪಕ್ಕ, ಗಾಲಿಕುರ್ಚಿಯಲ್ಲಿ, ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಿರುತ್ತಿದ್ದ ಒಬ್ಬ ಅಜ್ಜಿ. ಆರೈಕೆ ಮನೆಯವರು ಕೊಟ್ಟ ಅಜ್ಜಿ ಇರಬೇಕೆಂದು ಸಿನಿಮಾದವರು ಅಂದುಕೊಂಡರು. ಸಿನಿಮಾದವರು ಕರೆತಂದ ಪಾತ್ರಧಾರಿ ಇರಬೇಕೆಂದು ಆರೈಕೆ ಮನೆಯವರು ಅಂದುಕೊಂಡರು. ಊಟ ಸಿನಿಮಾದ ಪೊಟ್ಟಣದಲ್ಲಿ ಬರುತ್ತಿತ್ತು, ಕಾಫಿ ಆರೈಕೆ ಮನೆಯ ಸಿಸ್ಟರ್ ತಟ್ಟೆಯಲ್ಲಿ ಬರುತ್ತಿತ್ತು. ಒಬ್ಬರನ್ನೊಬ್ಬರು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಮೊದಲ ಶಾಟಿನಲ್ಲಿ ಅವಳು ಕಂಡಿದ್ದರಿಂದ ನೆನಪಕ್ಕ ತನ್ನ ಫೈಲಿನಲ್ಲಿ ಬರೆದುಕೊಂಡಳು: ‘ಏಳನೇ ಹಾಸಿಗೆ, ಬಲಗಡೆ, ಅಜ್ಜಿ, ಬೂದು ಶಾಲು.’ ಬರೆದ ಮೇಲೆ ಮುಗಿಯಿತು, ಪ್ರತಿ ಶಾಟಿನಲ್ಲೂ ಅವಳು ಇರಲೇಬೇಕು.

ಮೂರನೆಯ ದಿನ ಮಧ್ಯಾಹ್ನ ಅಜ್ಜಿ ತಾನಾಗಿಯೇ ಮಾತಿಗೆ ಬಂದಳು.

“ಆಗಿಂದ ಕೈಗಡಿಯಾರ ನೋಡ್ತಾನೇ ಇದೀಯ. ಮನೇಲಿ ಯಾರಿದಾರೆ ಮಗಳೇ?”

“ಮಗಳಿದಾಳೆ ಅಜ್ಜಿ. ಏಳು ವರ್ಷ.”

“ನನ್ನ ಮಗಳಿಗೂ ಏಳೇ. ಕಾಯ್ತಿರ್ತಾಳೆ,” ಎಂದಳು ಅಜ್ಜಿ.

ಸ್ಟ್ಯಾಂಡಿನ ಮೇಲೆ ಲೈಟು ಏರಿಸುತ್ತಿದ್ದ ಲೈಟಣ್ಣ ನಗು ತಡೆಯಲಾರದೆ, “ಹಾಗಾದ್ರೆ ನಿಮ್ಮ ಹೆರಿಗೆ ಎಪ್ಪತ್ತೈದನೇ ವಯಸ್ಸಿಗೆ ಆಯ್ತಾ ಅಜ್ಜಿ? ಪುಣ್ಯವಂತರು ಬಿಡಿ,” ಎಂದ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ನೆನಪಕ್ಕನೂ ನಗಲಿಲ್ಲ. ಮರೆವಿನ ಕಾಯಿಲೆ ಇರಬೇಕೆಂದುಕೊಂಡು ಶಾಲು ಸರಿಮಾಡಿ ಹೊದಿಸಿದಳು.

ಏಳನೇ ಹಾಸಿಗೆಯಲ್ಲಿ ಮಲಗಬೇಕಾದ ನಟಿಗೆ ಇನ್ನೂ ಮೇಕಪ್ ನಡೆಯುತ್ತಿತ್ತು. ಸುಕ್ಕು ಅಂಟಿಸುವುದಕ್ಕೆ ಇನ್ನೂ ಅರ್ಧ ಗಂಟೆ ಬೇಕಂತೆ.

“ಕೆಳಗೆ ಅಷ್ಟು ಜನ ಸುಕ್ಕಿರೋರು ಇರೋವಾಗ ಇವರಿಗೆ ಅಂಟಿಸೋದು ಯಾಕೋ,” ಎಂದು ಗೊಣಗಿದ ಲೈಟಣ್ಣ, ಸುತ್ತ ನೋಡಿ, “ಅಕ್ಕ, ನೀನೇ ಒಂದ್ನಿಮಿಷ ಮಲ್ಕೊಳ್ಳಕ್ಕ. ಮುಖದ ಮೇಲೆ ಬೆಳಕು ಹೇಗೆ ಬೀಳುತ್ತೆ ನೋಡ್ಬೇಕು,” ಎಂದ.

ಅದು ಅವರಲ್ಲಿ ದಿನನಿತ್ಯದ ಮಾತು. ಬೆಳಕು ನೋಡುವಾಗ ಕೈ ಖಾಲಿ ಇರುವವರು ಯಾರಾದರೂ ನಟರ ಜಾಗದಲ್ಲಿ ನಿಲ್ಲುವುದೋ ಮಲಗುವುದೋ ಮಾಡುತ್ತಾರೆ.

“ಮಲ್ಕೋ ಮಗಳೇ,” ಎಂದಳು ಅಜ್ಜಿ. “ಒಂದೈದು ನಿಮಿಷ. ಬೆಳಗಿಂದ ನಿಂತೇ ಇದೀಯಲ್ಲ.”

ನೆನಪಕ್ಕ ಫೈಲನ್ನು ಕಾಲ ಬಳಿ ಇಟ್ಟು ಮಲಗಿದಳು. ತಲೆ ದಿಂಬಿಗೆ ತಾಗಿದ್ದೇ ತಡ, ಎತ್ತರದಿಂದ ಯಾರೋ ಕೈಬಿಟ್ಟಂತಾಯಿತು.

ಕಣ್ಣು ಬಿಟ್ಟಾಗ ಅವಳು ಕೂತಿದ್ದಳು. ಮಡಿಲಲ್ಲಿ ಎರಡು ಕೈ ಇದ್ದವು. ನೀಲಿ ನರ ಎದ್ದ, ಕಂದು ಮಚ್ಚೆಗಳ, ನಡುಗುವ ಕೈಗಳು. ಎದುರಿನ ಹಾಸಿಗೆಯಲ್ಲಿ ಅವಳದೇ ಮೈ ಮಲಗಿತ್ತು. ಅದು ನಿಧಾನವಾಗಿ ಎದ್ದು ಕೂತಿತು. ಬೆರಳುಗಳನ್ನು ಮುಖದ ಮುಂದೆ ಹಿಡಿದು, ಮಡಚಿ, ಬಿಡಿಸಿ ನೋಡಿಕೊಂಡಿತು.

“ಸಾಕಕ್ಕ, ಥ್ಯಾಂಕ್ಸ್,” ಎಂದ ಲೈಟಣ್ಣ, ಹಾಸಿಗೆಯ ಮೇಲಿದ್ದವಳಿಗೆ.

ನೆನಪಕ್ಕ ಕೂಗಿದಳು. ಹಲ್ಲಿಲ್ಲದ ಬಾಯಿಂದ ಗಾಳಿಯೇ ಹೆಚ್ಚು ಬಂತು, ಮಾತು ಕಡಿಮೆ. ಏಳಲು ನೋಡಿದರೆ ಮೊಣಕಾಲುಗಳು ಯಾರದೋ ಎನ್ನುವಂತೆ ಸುಮ್ಮನಿದ್ದವು. “ಅದು ನಾನಲ್ಲ! ನಾನಿಲ್ಲಿದೀನಿ! ಲೈಟಣ್ಣ, ನಾನು ಕಣೋ!” ಎಂದು ಅಳತೊಡಗಿದಳು.

ನಿರ್ದೇಶಕರು ಓಡಿ ಬಂದರು. ಮುಖ ಅರಳಿತ್ತು. “ಆಹಾ, ಎಷ್ಟು ಸಹಜವಾಗಿ ಅಳ್ತಾರೆ ನೋಡ್ರಿ! ಹೇಳಿಕೊಟ್ಟರೂ ಬರಲ್ಲ ಇದು. ಕ್ಯಾಮೆರಾ ಈ ಕಡೆ ತಿರುಗಿಸಿ, ಬೇಗ!”

ಅವಳು ಅತ್ತಷ್ಟೂ ಅವರು ಚಿತ್ರೀಕರಿಸಿದರು. ಕೊನೆಗೆ ಚಪ್ಪಾಳೆ ತಟ್ಟಿದರು.

ಅವಳ ಮೈ ತೊಟ್ಟವಳು ಫೈಲನ್ನು ತಲೆಕೆಳಗಾಗಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಆ ಸಂಜೆ ಒಂದು ಫೋಟೊ ತೆಗೆಯಲಿಲ್ಲ, ಒಂದು ಸಾಲು ಬರೆಯಲಿಲ್ಲ. ಸೀನಿನ ಪ್ರಕಾರ ಮೂರೂ ಹತ್ತಕ್ಕೆ ನಿಲ್ಲಿಸಿದ್ದ ಗೋಡೆ ಗಡಿಯಾರವನ್ನು ಯಾರೋ ಐದು ಗಂಟೆಗೆ ತಿರುಗಿಸಿದರು, ಅವಳು ಬೇಡವೆನ್ನಲಿಲ್ಲ. ಐದೂವರೆಯಾದಾಗ ನಿರ್ದೇಶಕರ ಬಳಿ ಹೋಗಿ, “ಮಗಳು ಕಾಯ್ತಿರ್ತಾಳೆ. ನಾನು ಹೊರಟೆ,” ಎಂದಳು. ಆರು ವರ್ಷದ ಚಾಕರಿಯಲ್ಲಿ ನೆನಪಕ್ಕ ಒಮ್ಮೆಯೂ ಹೇಳಲಾಗದ ಮಾತು ಅದು. ಅವರು ಬೆಪ್ಪಾಗಿ, “ಸರಿ, ಹೊರಡಿ,” ಎಂದುಬಿಟ್ಟರು. ಮೆಟ್ಟಿಲಿಳಿಯುವ ಮೊದಲು ಅವಳು ಒಮ್ಮೆ ತಿರುಗಿ ನೋಡಿದಳು. ಕಣ್ಣಿನಲ್ಲಿ ಗೆಲುವಿರಲಿಲ್ಲ, ಭಯವಿತ್ತು. ಎಲ್ಲಿ ಹಿಂದಕ್ಕೆ ಕರೆದುಬಿಡುತ್ತಾರೋ ಎನ್ನುವ ಭಯ.

ನನ್ನ ಮಗಳಿಗೂ ಏಳೇ. ಆ ಮಾತಿನ ಅರ್ಥ ನೆನಪಕ್ಕನಿಗೆ ಈಗ ಆಯಿತು. ಇವಳೂ ಯಾವತ್ತೋ ಇದೇ ದಿಂಬಿಗೆ ತಲೆಯಿಟ್ಟು, ಪಕ್ಕದ ಕುರ್ಚಿಯಲ್ಲಿದ್ದವಳಿಗೆ ತನ್ನ ಮೈ ಬಿಟ್ಟುಕೊಟ್ಟವಳು. ಎಷ್ಟು ವರ್ಷದ ಹಿಂದೋ, ಯಾರ ಮಾತು ಕೇಳಿಯೋ.

ಮರುದಿನ ಚಿತ್ರೀಕರಣ ಮುಗಿದು ಲಾರಿ ಹೊರಟಿತು. ಸಿಸ್ಟರ್ ಸಿನಿಮಾದ ಮ್ಯಾನೇಜರಿಗೆ ಫೋನು ಮಾಡಿದರು. “ನಿಮ್ಮ ಅಜ್ಜೀನ ಬಿಟ್ಟು ಹೋಗಿದೀರಲ್ರೀ?” “ನಮ್ಮೋರಲ್ಲ ಸಿಸ್ಟರ್, ನಿಮ್ಮೋರೇ.” “ನಮ್ಮೋರಲ್ಲ ಕಣ್ರೀ.” ಇಷ್ಟು ಮಾತಾದ ಮೇಲೆ ಹಳೆಯ ರಿಜಿಸ್ಟರು ತೆಗೆದರು. ಏಳನೇ ಹಾಸಿಗೆ ಎಂಬಲ್ಲಿ ನೀರು ಬಿದ್ದು ಅಳಿಸಿದ ಒಂದು ಹೆಸರಿತ್ತು. ಸೇರಿಸಿದವರು, ಸಂಬಂಧ, ವಿಳಾಸ, ಎಲ್ಲ ಖಾಲಿ. ಕರೆದುಕೊಂಡು ಹೋಗಲು ಬಂದವರ ಸಹಿ ಇಲ್ಲದೆ ಯಾರನ್ನೂ ಹೊರಗೆ ಬಿಡುವಂತಿಲ್ಲ, ಅದು ಅಲ್ಲಿಯ ಕಟ್ಟುಪಾಡು. “ಎಲ್ಲಿಗೆ ಅಂತ ಕಳಿಸೋದು? ಇರಲಿ ಬಿಡು,” ಎಂದರು ಸಿಸ್ಟರ್.

ಹೀಗೆ ಅವಳು ಅಲ್ಲಿಯವಳಾದಳು.

ನೋಡಿಕೊಳ್ಳುವುದಕ್ಕೆ ಒಬ್ಬ ಆಯಾ ಇದ್ದಳು. ಎಳೆ ಕೂಸಿನ ತಾಯಿ, ಕೂಸನ್ನು ತನ್ನ ಅಮ್ಮನ ಬಳಿ ಬಿಟ್ಟು ಕೆಲಸಕ್ಕೆ ಬರುವವಳು. ಒಳ್ಳೆಯವಳು. ಆ ಒಳ್ಳೆಯತನವೇ ನೆನಪಕ್ಕನಿಗೆ ಕಬ್ಬಿಣದ ಬಾಗಿಲಿಗಿಂತ ಗಟ್ಟಿಯಾಗಿ ಕಂಡಿತು.

“ನಾನು ಅಜ್ಜಿ ಅಲ್ಲ ಕಣಮ್ಮ. ನನಗೆ ಮೂವತ್ತನಾಲ್ಕು. ಸಿನಿಮಾದಲ್ಲಿ ಕೆಲಸ ಮಾಡ್ತೀನಿ. ಮನೇಲಿ ಸಣ್ಣ ಮಗಳಿದಾಳೆ.”

“ಹೌದಾ ಅಜ್ಜಿ? ಹೀರೋಯಿನ್ನಾ?” ಎನ್ನುತ್ತ ಆಯಾ ಅವಳ ತೆಳ್ಳಗಿನ ಕೂದಲು ಬಾಚುತ್ತಿದ್ದಳು. “ಬರ್ತಾಳೆ, ಮಗಳು ಬರ್ತಾಳೆ. ಮೊದಲು ಈ ತುತ್ತು ನುಂಗಿ. ಹಾಂ, ಜಾಣೆ.”

ಕೂಗಾಡಿದರೆ ಮಾತ್ರೆ ಕೊಟ್ಟು ಮಲಗಿಸುತ್ತಿದ್ದರು. ಸಮಾಧಾನದಿಂದ ಬಿಡಿಸಿ ಹೇಳಿದರೆ ತಲೆ ಸವರುತ್ತಿದ್ದರು. ಕೆಳಗಿನ ಮಹಡಿಯ ಅಜ್ಜಿಯರೂ ಅವಳ ಮಾತನ್ನೇ ಆಡುತ್ತಿದ್ದರು: ಮನೆಗೆ ಹೋಗಬೇಕು, ಮಗು ಕಾಯುತ್ತಿದೆ, ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ. ಮೆಟ್ಟಿಲ ಕೆಳಗಿಂದ ಆ ದನಿಗಳು ತೇಲಿ ಬರುವಾಗ ನೆನಪಕ್ಕನಿಗೆ ಮೈ ಜುಮ್ಮೆನ್ನುತ್ತಿತ್ತು. ಅವರಲ್ಲಿ ಎಷ್ಟು ಜನ ನಿಜ ಹೇಳುತ್ತಿದ್ದಾರೋ!

ಫೋನ್ ನಂಬರು ಮಾತ್ರ ಅವಳು ತಪ್ಪದೆ ಹೇಳುತ್ತಿದ್ದಳು. ದಿನಾ ಅದೇ ಹತ್ತು ಅಂಕಿ. ಐದನೆಯ ದಿನ ಆಯಾಗೆ ಏನನ್ನಿಸಿತೋ, ತನ್ನ ಫೋನಿನಲ್ಲಿ ಒತ್ತಿ ಅವಳ ಕಿವಿಗೆ ಹಿಡಿದಳು.

“ಹಲೋ?” ಗುಬ್ಬಿಯ ದನಿ.

ನೆನಪಕ್ಕ ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ಗುಬ್ಬಿ, ನಾನು ಕಣೇ. ಊಟ ಆಯ್ತಾ?”

“ಆಯ್ತು. ನೀವು ಯಾರು ಅಜ್ಜಿ?”

“ನಾನು... ಅಮ್ಮ ಎಲ್ಲಿ?”

“ಸ್ನಾನಕ್ಕೆ ಹೋಗಿದಾಳೆ. ಅಮ್ಮ ಈಗ ಕೆಲಸಕ್ಕೇ ಹೋಗಲ್ಲ ಗೊತ್ತಾ? ನಾನೂ ಶಾಲೆಗೆ ಹೋಗಲ್ಲ. ಬಾಗಿಲು ಹಾಕ್ಕೊಂಡು ಇಬ್ರೇ ಆಟ ಆಡ್ತೀವಿ.”

“ದರ್ಜಿ ಅತ್ತೆ ಹತ್ರ ಹೋಗ್ತೀಯಾ?”

“ಇಲ್ಲ. ಹೊರಗೆ ಹೋದ್ರೆ ಕಳೆದುಹೋಗ್ತೀನಂತೆ. ಕಿಟಕೀನೂ ತೆಗೆಯಲ್ಲ ಅಮ್ಮ.”

ಆ ಕಡೆ ಯಾರೋ ಫೋನು ಕಿತ್ತುಕೊಂಡರು. ಒಂದೆರಡು ಉಸಿರು ಕೇಳಿಸಿತು. ಆಮೇಲೆ ನೆನಪಕ್ಕನದೇ ದನಿ, ಬಹಳ ಮೆಲ್ಲಗೆ, “ನನ್ನನ್ನ ಬಿಟ್ಬಿಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ,” ಎಂದಿತು.

“ಯಾರದೋ ಮನೆಗೆ ಮಾಡಿಸಿಬಿಟ್ರಲ್ಲ ಅಜ್ಜಿ,” ಎಂದು ಆಯಾ ಫೋನನ್ನು ಜೇಬಿಗೆ ಹಾಕಿಕೊಂಡಳು.

ಅಲ್ಲಿಯವರೆಗೆ ನೆನಪಕ್ಕನಿಗೆ ಇದ್ದದ್ದು ತನ್ನ ಸಂಕಟ. ಈಗ ಬೇರೆಯದೇ ಹುಟ್ಟಿಕೊಂಡಿತು. ಮಗು ಇನ್ನೊಂದು ಕೋಣೆಯಲ್ಲಿ, ಇನ್ನೊಂದು ಮುಚ್ಚಿದ ಕಿಟಕಿಯ ಹಿಂದೆ ಕೂತಿದೆ. ಹೊರಗೆ ಹೋಗಲೇಬೇಕು.

ದಾರಿಯೊಂದು ಅವಳ ಕಾಲ ಬಳಿಯೇ ಬಂದಿತ್ತು. ಒಂದು ಮಧ್ಯಾಹ್ನ ಆಯಾ ಏಳನೇ ಹಾಸಿಗೆಯ ಅಂಚಿನಲ್ಲಿ ಕೂತು ಸೊಂಟ ಹಿಡಿದುಕೊಂಡಳು. “ಪಾಪು ನಿದ್ದೆ ಮಾಡಕ್ಕೇ ಬಿಡಲ್ಲ ಅಜ್ಜಿ. ಸಿಸ್ಟರ್ ಬರೋದ್ರೊಳಗೆ ಒಂದೈದು ನಿಮಿಷ ಒರಗಿಕೊಳ್ಳಾ?”

ಗಾಲಿಕುರ್ಚಿಯಲ್ಲಿದ್ದ ನೆನಪಕ್ಕ ದಿಂಬಿನ ಕಡೆ ನೋಡಿದಳು. ಸುಮ್ಮನಿದ್ದರೆ ಸಾಕು. ಇವಳ ಗಟ್ಟಿ ಕಾಲುಗಳು ಸಿಗುತ್ತವೆ, ಬೀದಿಗೆ ಇಳಿಯಬಹುದು, ಎರಡು ಬಸ್ಸು ಹತ್ತಿದರೆ ಗುಬ್ಬಿಯ ಬಾಗಿಲು. ಆಯಾ ಚಪ್ಪಲಿ ಬಿಟ್ಟಳು. ದಿಂಬನ್ನು ತಟ್ಟಿದಳು. ಅವಳ ಎದೆಯ ಮೇಲೆ ಬಟ್ಟೆ ಹಾಲಿನಿಂದ ಒದ್ದೆಯಾಗಿತ್ತು.

“ಬೇಡ ಕಣಮ್ಮ,” ಎಂದಳು ನೆನಪಕ್ಕ. “ನಾನು ಹಾಸಿಗೆ ಒದ್ದೆ ಮಾಡ್ಕೊಂಡಿದೀನಿ.”

“ಅಯ್ಯೋ, ಹೇಳ್ಬಾರ್ದಾ!” ಆಯಾ ಧಡಕ್ಕನೆ ಎದ್ದು ಬಟ್ಟೆ ಬದಲಿಸಲು ಹೋದಳು. ಹೊದಿಕೆ ಒಣಗಿಯೇ ಇದೆಯೆಂದು ಗೊತ್ತಾದಾಗ, “ಇದೂ ಸುಳ್ಳಾ? ಒಳ್ಳೇ ತರಲೆ ಅಜ್ಜಿ,” ಎಂದು ನಕ್ಕಳು.

ಇನ್ನು ಉಳಿದದ್ದು ಒಂದೇ ಭರವಸೆ, ಅದು ಅವಳ ಕಸುಬಿನದು. ಆ ಗಡಿಯಾರ. ಮೊದಲ ಅರ್ಧ ಸೀನಿನಲ್ಲಿ ಮೂರೂ ಹತ್ತು, ಉಳಿದರ್ಧದಲ್ಲಿ ಐದು. ಲೋಟ, ಪರದೆ, ಶಾಲಿನ ಮಡಿಕೆ, ಯಾವುದೂ ತಾಳೆಯಾಗುವುದಿಲ್ಲ. ಸಂಕಲನಕ್ಕೆ ಕೂತವರು ಹಣೆ ಚಚ್ಚಿಕೊಳ್ಳುತ್ತಾರೆ. ಈ ಸೀನನ್ನು ಮತ್ತೆ ತೆಗೆಯಲೇಬೇಕು, ಇಲ್ಲಿಗೇ ಬರಲೇಬೇಕು. ಫೋಟೊ, ಫೈಲು ಎಲ್ಲ ತನ್ನ ಮೈ ತೊಟ್ಟವಳ ಹತ್ತಿರ. ಅವಳನ್ನು ಮನೆಯಿಂದ ಎಳೆದಾದರೂ ತರುತ್ತಾರೆ. ಬಂದಾಗ ಹೇಗಾದರೂ ಮಾಡಿ ಅವಳನ್ನು ಈ ದಿಂಬಿಗೆ ಒರಗಿಸಬೇಕು. ನೆನಪಕ್ಕ ದಿನ ಎಣಿಸಿದಳು.

ಹದಿನೇಳನೆಯ ದಿನ ಬೆಳಗ್ಗೆ ಮೆಟ್ಟಿಲ ಮೇಲೆ ಲೈಟಿನ ಪೆಟ್ಟಿಗೆಗಳ ಸದ್ದಾಯಿತು.

ಅವರು ಬಂದರು. ನಿರ್ದೇಶಕರು ಉರಿಯುತ್ತಿದ್ದರು. ಹಿಂದೆ ಅವಳು, ನೆನಪಕ್ಕನ ಮೈ. ಮೈಗೆ ಅಂಟಿಕೊಂಡಂತೆ, ಅವಳ ಕೈ ಹಿಡಿದು ಗುಬ್ಬಿ. ಮಗಳನ್ನು ಒಂದು ಗಳಿಗೆ ಬಿಟ್ಟಿರಲಾರದವಳು ಮಗಳನ್ನು ಇಲ್ಲಿಗೇ ಕರೆತಂದಿದ್ದಳು.

ಗುಬ್ಬಿ ಬಿಳಿಚಿಕೊಂಡಿದ್ದಳು. ಬಿಸಿಲು ಕಾಣದ ಮುಖ. ಆದರೆ ಕೆನ್ನೆ ತುಂಬಿಕೊಂಡಿದ್ದವು. ನೆನಪಕ್ಕ ಆ ಕೆನ್ನೆಗಳನ್ನೇ ನೋಡಿದಳು. ಬಾಯಿ ತೆರೆದರೆ ಅಳುವೇ ಬಂದೀತೆಂದು ತುಟಿ ಬಿಗಿದಳು.

“ಏನ್ರೀ ಇದು, ಆ ಸಂಜೇದು ಫೈಲಲ್ಲಿ ಒಂದಕ್ಷರ ಇಲ್ಲ!” ಎಂದು ನಿರ್ದೇಶಕರು ಸಿಡುಕಿದರು. “ಬನ್ನಿ ಈ ಕಡೆ, ಹಾಸಿಗೆ ಹತ್ರ. ಏನೇನು ಎಲ್ಲೆಲ್ಲಿತ್ತು ಹೇಳಿ.”

“ನಾನು ಇಲ್ಲಿಂದಲೇ ಹೇಳ್ತೀನಿ ಸರ್,” ಎಂದಳು ಅವಳು. ಬಾಗಿಲ ಚೌಕಟ್ಟು ಬಿಟ್ಟು ಅಲ್ಲಾಡಲಿಲ್ಲ.

ಆಯಾ ಬಂದು ನೆನಪಕ್ಕನನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿ, ಜಾರದಿರಲೆಂದು ಸೊಂಟಕ್ಕೆ ಬೆಲ್ಟು ಬಿಗಿದಳು. ಹಾಸಿಗೆ ಖಾಲಿಯಾಯಿತು. ನಟಿಗೆ ಸುಕ್ಕು ಅಂಟಿಸುತ್ತಿದ್ದರು.

“ಯಾರಾದ್ರೂ ಮಲ್ಕೊಳ್ರಪ್ಪ, ಲೈಟ್ ನೋಡ್ಬೇಕು,” ಎಂದ ಲೈಟಣ್ಣ. ಎಲ್ಲರ ಕೈಯಲ್ಲೂ ಏನೋ ಇತ್ತು. “ನೆನಪಕ್ಕ?”

ಅವಳು ಜೋರಾಗಿ ತಲೆಯಾಡಿಸಿದಳು.

“ಮಾಮ, ನಾನು ಮಲ್ಕೊಳ್ಳಾ?” ಎಂದಳು ಗುಬ್ಬಿ. ಹದಿನೇಳು ದಿನ ಒಳಗೇ ಇದ್ದ ಮಗುವಿಗೆ ದೊಡ್ಡ ಕೋಣೆ ಸಿಕ್ಕಿತ್ತು; ಹಿಡಿದ ಕೈ ಕೊಡವಿಕೊಂಡು ಓಡಿ ಬಂದೇಬಿಟ್ಟಳು.

“ಬಾ ಪುಟ್ಟಿ, ನೀನೇ ಹೀರೋಯಿನ್!”

ಗುಬ್ಬಿ ಚಪ್ಪಲಿ ಬಿಟ್ಟು ಮಂಚ ಹತ್ತಿ, ಕಾಲು ಜೋಲಾಡಿಸುತ್ತ ಕೂತಳು.

“ತಲೆ ಇಡಬೇಡ ಗುಬ್ಬಿ! ಆ ದಿಂಬಿಗೆ ತಲೆ ಇಡಬೇಡ!” ನೆನಪಕ್ಕ ಬೆಲ್ಟನ್ನು ಎಳೆದಳು, ಉಗುರು ಮುರಿಯಿತು, ಬಕಲು ಬಿಡಲಿಲ್ಲ. ತಾನು ಆ ಎಳೆಯ ಮೈಯೊಳಗೆ, ಮಗಳು ಈ ಮೂಳೆಗಳೊಳಗೆ. ಅದೇ ಕಣ್ಣ ಮುಂದೆ ಬಂತು. “ಯಾರಾದ್ರೂ ಎತ್ಕೊಳ್ರೋ ಮಗೂನ!”

“ಅಜ್ಜಿದು ಇದ್ದಿದ್ದೇ. ನೀನು ಮಲ್ಕೋ ಪುಟ್ಟಿ,” ಎಂದ ಲೈಟಣ್ಣ.

ಅದು ಬೊಗಳೆಯಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಇನ್ನೊಬ್ಬಳೇ. ನೆನಪಕ್ಕ ಬಾಗಿಲ ಕಡೆ ನೋಡಿದಳು. ಇಬ್ಬರ ಕಣ್ಣೂ ಕೂಡಿದವು. ಅವಳ ಹಿಂದೆ ಮೆಟ್ಟಿಲಿತ್ತು, ಅದರಾಚೆ ಬಿಸಿಲಿನ ಬೀದಿ.

ಗುಬ್ಬಿ ಆಟಕ್ಕೆಂದು ಎರಡೂ ಕೈ ಚಾಚಿ ಹಿಂದಕ್ಕೆ ಬಿದ್ದಳು.

ಫೈಲು ನೆಲಕ್ಕೆ ಬಿತ್ತು, ಹಾಳೆಗಳೆಲ್ಲ ಹಾರಿದವು. ಬಾಗಿಲಲ್ಲಿದ್ದವಳು ಓಡಿ ಬಂದ ರಭಸಕ್ಕೆ ಲೈಟಿನ ಸ್ಟ್ಯಾಂಡು ಅಲ್ಲಾಡಿತು. ಮಗುವನ್ನು ಎಳೆದುಕೊಳ್ಳುವಷ್ಟು ಹೊತ್ತಿರಲಿಲ್ಲ. ಮಂಚದ ಮೇಲೆ ಬಿದ್ದು, ದಿಂಬಿಗೂ ಗುಬ್ಬಿಗೂ ನಡುವೆ ತನ್ನ ತಲೆಯನ್ನು ತೂರಿಸಿದಳು.

ಎತ್ತರದಿಂದ ಯಾರೋ ಕೈಬಿಟ್ಟಂತಾಯಿತು.

ನೆನಪಕ್ಕನ ಕೆನ್ನೆಯ ಮೇಲೆ ಭಾರ ಬಿತ್ತು. ಎಣ್ಣೆ ಹಚ್ಚಿ ನೀಟಾಗಿ ಹೆಣೆದ ಜಡೆ, ಅದರೊಳಗಿನ ಬೆಚ್ಚಗಿನ ಪುಟ್ಟ ತಲೆ. ಅವಳು ಎರಡೂ ತೋಳಿನಿಂದ ಅದನ್ನು ಬಾಚಿ ತಬ್ಬಿಕೊಂಡಳು. ತೋಳುಗಳಲ್ಲಿ ಬಲವಿತ್ತು.

“ಅಮ್ಮ, ಬಿಡು, ಉಸಿರು ಕಟ್ಟುತ್ತೆ!”

“ಒಳ್ಳೇ ತಾಯಿ ಮಗಳು,” ಎಂದರು ನಿರ್ದೇಶಕರು. “ಹಾಳೆಗಳನ್ನ ಆರಿಸ್ರಪ್ಪ ಯಾರಾದ್ರೂ.”

ಗಾಲಿಕುರ್ಚಿಯಲ್ಲಿ ಅಜ್ಜಿ ಕೂತಿದ್ದಳು. ಕೈಗಳನ್ನು ನಿಧಾನವಾಗಿ ಮಡಿಲಲ್ಲಿ ಜೋಡಿಸಿಕೊಂಡಳು. ನೆನಪಕ್ಕ ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡೇ ಅವಳ ಮುಂದೆ ನಿಂತಳು. ಬೈಯಬೇಕೆಂದಿದ್ದ ಮಾತುಗಳು ಹದಿನೇಳು ದಿನದಿಂದ ಸಾಲಾಗಿ ನಿಂತಿದ್ದವು.

“ಕೆಳಗಿನ ಎಡಗಡೆ ಹಲ್ಲು ಅಲ್ಲಾಡ್ತಿದೆ,” ಎಂದಳು ಅಜ್ಜಿ, ನೆಲ ನೋಡುತ್ತ. “ಗಟ್ಟಿ ಇರೋದೇನೂ ಕೊಡಬೇಡ. ಆ ಕಡೆಯಿಂದ ಅಗಿಯೋಕೆ ಆಗಲ್ಲ ಅವಳಿಗೆ.”

ಆಯಾ ಬಂದು ಶಾಲು ಸರಿಮಾಡಿದಳು. “ಯಾಕಜ್ಜಿ, ಇವತ್ತು ಮನೆಗೆ ಹೋಗ್ಬೇಕು ಅಂತ ಗಲಾಟೆ ಇಲ್ಲ?”

ಅಜ್ಜಿಯ ಕಣ್ಣು ಗುಬ್ಬಿಯ ಜಡೆಯ ಮೇಲಿತ್ತು.

ನೆನಪಕ್ಕ ಆಯಾಳ ಮೊಣಕೈ ಹಿಡಿದಳು. “ಆ ದಿಂಬಿಗೆ ಯಾರೂ ತಲೆ ಇಡೋಕೆ ಬಿಡಬೇಡ. ನೀನಂತೂ ಇಡಲೇಬೇಡ. ಪಾಪು ಮೇಲಾಣೆ.” ತನಗೆ ಪಾಪು ಇರುವುದು ಇವರಿಗೆ ಹೇಗೆ ಗೊತ್ತೆಂದು ಆಯಾ ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿಯುತ್ತಿದ್ದಳು. ಹಿಂದಿನಿಂದ ನಿರ್ದೇಶಕರು ಕೂಗುತ್ತಿದ್ದರು, “ಎಲ್ಲಿಗ್ರೀ? ಸೀನ್ ಬಾಕಿ ಇದೆ! ಹೋಗಿ ಹಾಗಾದ್ರೆ, ನಾಳೆ ಏಳು ಗಂಟೆಗೆ ಬರದಿದ್ರೆ ಕೆಲಸ ಇಲ್ಲ ಅಂದ್ಕೊಳ್ಳಿ!”

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಗಾಜನ್ನು ಪೂರ್ತಿ ಸರಿಸಿ ಗುಬ್ಬಿಯನ್ನು ಗಾಳಿಗೆ ಕೂರಿಸಿದಳು. ಬಾಯಿ ತೆರೆಸಿ ನೋಡಿದಳು. ಕೆಳಗಿನ ಎಡಗಡೆಯ ಹಲ್ಲು, ಬೆರಳು ಮುಟ್ಟಿದರೆ ಅಲ್ಲಾಡುತ್ತಿತ್ತು. ಯಾವಾಗ ಶುರುವಾಯಿತೋ ಅವಳಿಗೆ ಗೊತ್ತಿರಲಿಲ್ಲ.

“ನಾಳೆ ಕೆಲಸಕ್ಕೆ ಹೋಗ್ತೀಯಾ?” ಎಂದಳು ಗುಬ್ಬಿ.

“ಹೋಗಬೇಕು ಪುಟ್ಟಿ. ನೀನು ಶಾಲೆಗೆ ಹೋಗಿ ಬಾ. ಆರು ಗಂಟೆಗೆ ಬಂದುಬಿಡ್ತೀನಿ.”

ಗುಬ್ಬಿ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಿಡಿದಿದ್ದ ಕೈ ಬಿಟ್ಟು, ಹೊರಗೆ ಓಡುವ ಬೀದಿಯ ಕಡೆ ತಿರುಗಿಕೊಂಡಳು.

“ಆ ಅಮ್ಮ ಎಲ್ಲೂ ಹೋಗ್ತಿರ್ಲಿಲ್ಲ,” ಎಂದಳು.